ನಾಲ್ಕೇ ದೊಡ್ಡ ಚಕ್ರದ ನೀಲಿ ಎಂಜಿನ್: ಐರ್ಲೆಂಡಿನ ‘ಎಸ್’ ವರ್ಗ ನಿಜಕ್ಕೂ ಹಿಂದುಳಿದಿತ್ತೇ?

ಪ್ರಶ್ನೆ: ಉತ್ತರ ಐರ್ಲೆಂಡಿನ ವೈಟ್‌ಹೆಡ್ ಎಂಬ ಊರಿನಲ್ಲಿ ಉಳಿಸಿಕೊಂಡಿರುವ ‘ಸ್ಲೀವ್ ಗಲಿಯನ್’ ಎಂಬ ನೀಲಿ ಉಗಿ ಎಂಜಿನ್ನಿನ ಫೋಟೋ ನೋಡಿದೆ. 1913ರದ್ದು ಅಂತ ಬರೆದಿತ್ತು. ಪಕ್ಕಕ್ಕೆ ಎರಡೇ ದೊಡ್ಡ ಚಕ್ರ. ಆ ಹೊತ್ತಿಗೆ ಬೇರೆ ಕಡೆ ಆರು ದೊಡ್ಡ ಚಕ್ರದ ಎಕ್ಸ್‌ಪ್ರೆಸ್ ಎಂಜಿನ್ ಬಂದಿದ್ದವು ಅಲ್ವಾ? ಐರ್ಲೆಂಡಿನವರು 1940ರ ದಶಕದವರೆಗೂ ಈ ಹಳೇ ಮಾದರಿಗೇ ಯಾಕೆ ಅಂಟಿಕೊಂಡರು? ತಂತ್ರಜ್ಞಾನದಲ್ಲಿ ಹಿಂದೆ ಬಿದ್ದಿದ್ದರೇ? ಇನ್ನೊಂದು, ಈ ಎಂಜಿನ್ ನಿಜವಾಗಿ 1913ರದ್ದೇನಾ?

ಉತ್ತರ: ನೀವು ನೋಡಿದ್ದು ಗ್ರೇಟ್ ನಾರ್ದರ್ನ್ ರೈಲ್ವೆ ಎಂಬ ಐರಿಷ್ ಕಂಪನಿಯ ‘ಎಸ್’ ವರ್ಗದ ಎಂಜಿನ್, ನಂಬರ್ 171. ಹಿಂದುಳಿದಿರಲಿಲ್ಲ ಅನ್ನುವುದು ನನ್ನ ನೇರ ಉತ್ತರ. ಆ ದಾರಿಗೆ, ಆ ಸೇತುವೆಗೆ, ಆ ವರ್ಕ್‌ಶಾಪಿಗೆ ಅಳತೆ ತೆಗೆದು ಹೊಲಿದ ಹಾಗಿದ್ದ ಎಂಜಿನ್ ಅದು. ಒಳಗಿದ್ದ ತಂತ್ರಜ್ಞಾನ ಆ ಕಾಲಕ್ಕೆ ಹೊಸದೇ.

ಮೊದಲು ಕಂಪನಿಯ ಬಗ್ಗೆ ಎರಡು ಮಾತು. 1876ರಲ್ಲಿ ಕೆಲವು ಸಣ್ಣ ಕಂಪನಿಗಳು ಸೇರಿ ಗ್ರೇಟ್ ನಾರ್ದರ್ನ್ ಹುಟ್ಟಿತು. ಡಬ್ಲಿನ್–ಬೆಲ್‌ಫಾಸ್ಟ್ ಮಾರ್ಗ ಅದರ ಬೆನ್ನೆಲುಬು. ಉದ್ದ 112.5 ಮೈಲಿ, ಅಂದರೆ ಸುಮಾರು 181 ಕಿ.ಮೀ. ಹೆಚ್ಚುಕಮ್ಮಿ ನಡುವೆ ಡಂಡಾಕ್ ಎಂಬ ಊರು. ಕಂಪನಿಯ ದೊಡ್ಡ ವರ್ಕ್‌ಶಾಪ್ ಇದ್ದದ್ದು ಅಲ್ಲೇ. ಈ ಊರಿನ ಹೆಸರು ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

1912ರಲ್ಲಿ ಜಾರ್ಜ್ ಗ್ಲೋವರ್ ಈ ಕಂಪನಿಯ ಲೋಕೊಮೋಟಿವ್ ಎಂಜಿನಿಯರ್ ಆದರು. ಅವರಿಗಿಂತ ಮೊದಲು ಆ ಜಾಗದಲ್ಲಿ ಚಾರ್ಲ್ಸ್ ಕ್ಲಿಫರ್ಡ್ ಇದ್ದರು. ಕ್ಲಿಫರ್ಡ್ ಕಾಲದ ‘ಕ್ಯೂ’ ಮತ್ತು ‘ಕ್ಯೂಎಲ್’ ವರ್ಗಗಳು ಒಳ್ಳೆಯ ಎಂಜಿನ್‌ಗಳೇ. ಆದರೆ ಗಾಡಿಗಳ ತೂಕ ಏರುತ್ತಾ ಬಂದಿತ್ತು. 1913ರಲ್ಲಿ ಮ್ಯಾಂಚೆಸ್ಟರಿನ ಬೇಯರ್ ಪೀಕಾಕ್ ಕಾರ್ಖಾನೆ ಐದು ಹೊಸ ಎಂಜಿನ್ ಕಟ್ಟಿ ಕಳಿಸಿತು. ನಂಬರ್ 170ರಿಂದ 174. ಇವೇ ‘ಎಸ್’ ವರ್ಗ. 1915ರಲ್ಲಿ ಸಣ್ಣಪುಟ್ಟ ವ್ಯತ್ಯಾಸದ ಇನ್ನೂ ಮೂರು ಬಂದವು, 190ರಿಂದ 192. ಅವುಗಳನ್ನು ‘ಎಸ್2’ ಎಂದು ಕರೆದರು. ಒಟ್ಟು ಎಂಟೇ.

ಎಂಟಕ್ಕೂ ಐರ್ಲೆಂಡಿನ ಬೆಟ್ಟಗಳ ಹೆಸರು. 170 ಎರಿಗಲ್, 171 ಸ್ಲೀವ್ ಗಲಿಯನ್, 172 ಸ್ಲೀವ್ ಡೊನಾರ್ಡ್, 173 ಗಾಲ್ಟೀ ಮೋರ್, 174 ಕ್ಯಾರಂಟೂಹಿಲ್, 190 ಲಗ್ನಕ್ವಿಲ್ಲಾ, 191 ಕ್ರೋ ಪ್ಯಾಟ್ರಿಕ್, 192 ಸ್ಲೀವ್‌ನಮೊನ್. ಇವುಗಳಲ್ಲಿ ಹಲವು ಬೆಟ್ಟಗಳು ಕಂಪನಿಯ ಹಳಿಗಳಿಂದ ಬಲು ದೂರ. ದ್ವೀಪದಲ್ಲೇ ಎತ್ತರದ್ದಾದ ಕ್ಯಾರಂಟೂಹಿಲ್ ಇರುವುದು ನೈಋತ್ಯದ ತುದಿಯ ಕೆರಿ ಜಿಲ್ಲೆಯಲ್ಲಿ. ಆದರೆ ಸ್ಲೀವ್ ಗಲಿಯನ್ ಹಾಗಲ್ಲ. ಡಂಡಾಕ್ ಬಿಟ್ಟು ಬೆಲ್‌ಫಾಸ್ಟ್ ಕಡೆ ಹೊರಟರೆ ಹಳಿ ಹಾದುಹೋಗುವುದೇ ಆ ಬೆಟ್ಟದ ಪೂರ್ವದ ಮಗ್ಗುಲಲ್ಲಿ. 171 ತನ್ನ ಹೆಸರಿನ ಬೆಟ್ಟವನ್ನು ನೋಡುತ್ತಲೇ ದಶಕಗಳ ಕಾಲ ಓಡಿತು. ಈ ಒಂದು ಸಂಗತಿಗೇ ನನಗೆ ಈ ಎಂಜಿನ್ ಮೇಲೆ ಉಳಿದ ಏಳಕ್ಕಿಂತ ಜಾಸ್ತಿ ಪ್ರೀತಿ.

ಈಗ ಚಕ್ರಗಳ ವಿಷಯಕ್ಕೆ ಬರೋಣ. ಉಗಿ ಎಂಜಿನ್‌ಗಳನ್ನು ಚಕ್ರಗಳ ಲೆಕ್ಕದಲ್ಲಿ ಗುರುತಿಸುತ್ತಾರೆ. ಎಸ್ ವರ್ಗ 4-4-0. ಮುಂದೆ ದಾರಿ ತೋರಿಸುವ ನಾಲ್ಕು ಸಣ್ಣ ಚಕ್ರ, ಆಮೇಲೆ ಎಳೆಯುವ ನಾಲ್ಕು ದೊಡ್ಡ ಚಕ್ರ, ಹಿಂದೆ ಯಾವುದೂ ಇಲ್ಲ. ನೀವು ಹೇಳಿದ ‘ಆರು ದೊಡ್ಡ ಚಕ್ರ’ದ ಮಾದರಿ 4-6-0. ಇಂಗ್ಲೆಂಡಿನ ಗ್ರೇಟ್ ವೆಸ್ಟರ್ನ್ ಕಂಪನಿಯ ಸ್ಟಾರ್ ವರ್ಗ 1907ರಲ್ಲೇ ಹಾಗಿತ್ತು. ಅದು ನಿಜ. ಆದರೆ 1913ರಲ್ಲಿ ಇಂಗ್ಲೆಂಡಿನವರೂ ಹೊಸ 4-4-0 ಕಟ್ಟುತ್ತಿದ್ದರು. ಗ್ರೇಟ್ ಸೆಂಟ್ರಲ್ ಕಂಪನಿಯ ಹೆಸರಾಂತ ಡೈರೆಕ್ಟರ್ ವರ್ಗ ಹೊರಬಂದದ್ದು ಅದೇ ವರ್ಷ. ಸದರ್ನ್ ರೈಲ್ವೆ ತನ್ನ ಸ್ಕೂಲ್ಸ್ ವರ್ಗವನ್ನು ಶುರು ಮಾಡಿದ್ದು 1930ರಲ್ಲಿ. ಅದೂ 4-4-0. ನಮ್ಮ ದೇಶದ ಬ್ರಾಡ್‌ಗೇಜಿನಲ್ಲೂ ಆ ಕಾಲದ ‘ಸ್ಟ್ಯಾಂಡರ್ಡ್ ಪ್ಯಾಸೆಂಜರ್’ ಎಂಜಿನ್ 4-4-0 ಮಾದರಿಯದ್ದೇ. ಹಾಗಾಗಿ ಚಕ್ರ ಎಣಿಸಿ ಹಳತು, ಹೊಸತು ಎಂದು ಹೇಳಲು ಬರುವುದಿಲ್ಲ.

ಹಾಗಿದ್ದರೂ ಗ್ರೇಟ್ ನಾರ್ದರ್ನ್ ಕೊನೆಯವರೆಗೂ 4-4-0 ಬಿಡಲಿಲ್ಲ ಅನ್ನುವ ನಿಮ್ಮ ಮಾತು ಸರಿ. ಅದಕ್ಕೆ ಎರಡು ಗಟ್ಟಿ ಕಾರಣ ಇದ್ದವು.

ಒಂದು, ಡ್ರೊಹೆಡಾ ಊರಿನ ಬಳಿ ಬೋಯ್ನ್ ನದಿಯ ಮೇಲಿರುವ ಸೇತುವೆ. 1855ರಲ್ಲಿ ಮುಗಿದದ್ದು. ಅದಕ್ಕೆ ಮೊದಲು ಪ್ರಯಾಣಿಕರು ನದಿಯ ಒಂದು ಕಡೆ ಇಳಿದು, ರಸ್ತೆಯಲ್ಲಿ ಊರು ದಾಟಿ, ಆಚೆ ಕಡೆ ಬೇರೆ ರೈಲು ಹತ್ತಬೇಕಿತ್ತು. ಕೆಳಗೆ ಹಡಗು ಹೋಗಬೇಕು ಎಂಬ ಷರತ್ತಿಗೆ ಸೇತುವೆಯನ್ನು ನೀರಿನಿಂದ ಸುಮಾರು 90 ಅಡಿ ಎತ್ತರದಲ್ಲಿ ಕಟ್ಟಿದರು. ನಡುವಿನ ಭಾಗಕ್ಕೆ ಕಬ್ಬಿಣದ ಜಾಲರಿ ಗರ್ಡರ್. ಆ ಕಾಲಕ್ಕೆ ದೊಡ್ಡ ಸಾಧನೆ. ಆದರೆ ಅದನ್ನು ಲೆಕ್ಕ ಹಾಕಿದ್ದು 1850ರ ದಶಕದ ಹಗುರ ಎಂಜಿನ್‌ಗಳಿಗೆ. ಅರವತ್ತು ವರ್ಷ ಕಳೆದ ಮೇಲೆ ಆ ಸೇತುವೆಯೇ ಇಡೀ ಮಾರ್ಗದ ತೂಕದ ಮಿತಿ ಹೇಳುತ್ತಿತ್ತು. ಡಬ್ಲಿನ್–ಬೆಲ್‌ಫಾಸ್ಟ್ ನಡುವೆ ಓಡುವ ಪ್ರತಿ ಎಂಜಿನ್ ಅದರ ಮೇಲೆ ಹೋಗಲೇಬೇಕು. ಬೇರೆ ದಾರಿ ಇಲ್ಲ.

ಎರಡನೆಯದು ಡಂಡಾಕ್ ವರ್ಕ್‌ಶಾಪಿನ ಉದ್ದ. ಎಂಜಿನ್ ಎತ್ತಿ, ಬಿಚ್ಚಿ, ಜೋಡಿಸುವ ಶೆಡ್ಡಿನಲ್ಲಿ ಉದ್ದನೆಯ 4-6-0 ಹಿಡಿಸುತ್ತಿರಲಿಲ್ಲ. ರಿಪೇರಿ ಮಾಡಲಾಗದ ಎಂಜಿನ್ ಕೊಂಡು ಏನು ಮಾಡುವುದು? ಶೆಡ್ಡನ್ನೇ ಒಡೆದು ಕಟ್ಟಬೇಕು, ಎಂಜಿನ್ ತಿರುಗಿಸುವ ಟರ್ನ್‌ಟೇಬಲ್ ಬದಲಿಸಬೇಕು. ದಿನಕ್ಕೆ ಕೆಲವೇ ಎಕ್ಸ್‌ಪ್ರೆಸ್ ಓಡಿಸುವ ಸಣ್ಣ ಕಂಪನಿಗೆ ಆ ಖರ್ಚು ಹೊರೆ. ಗ್ಲೋವರ್ ಅವರ ಮುಂದಿದ್ದ ಪ್ರಶ್ನೆ ಸರಳವಾಗಿತ್ತು. ತೂಕ ಏರಿಸದೆ, ಉದ್ದ ಏರಿಸದೆ, ಬಲ ಏರಿಸುವುದು ಹೇಗೆ?

ಅದಕ್ಕೆ ಸಿಕ್ಕ ಉತ್ತರ ಸೂಪರ್‌ಹೀಟರ್. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಸ್ ವರ್ಗದ ಗುಟ್ಟೆಲ್ಲ ಇರುವುದು ಇಲ್ಲೇ.

ಸಾಮಾನ್ಯ ಬಾಯ್ಲರಿನಲ್ಲಿ ಉಗಿ ಮತ್ತು ನೀರು ಒಟ್ಟಿಗೇ ಇರುತ್ತವೆ. ಆ ಕಾಲದ ಒತ್ತಡದಲ್ಲಿ ಉಗಿಯ ಬಿಸಿ ಸುಮಾರು 190 ಡಿಗ್ರಿ ಸೆಲ್ಸಿಯಸ್. ಅದು ಸಿಲಿಂಡರಿಗೆ ಬಂದಾಗ, ಹಿಂದಿನ ಹೊಡೆತದಲ್ಲಿ ತಣ್ಣಗಾದ ಗೋಡೆ ಎದುರಾಗುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳದ ಅಡಿಯಲ್ಲಿ ಹನಿ ಕಟ್ಟುವ ಹಾಗೆ ಒಂದಷ್ಟು ಉಗಿ ಅಲ್ಲಿಯೇ ನೀರಾಗಿಬಿಡುತ್ತದೆ. ನೀರಾದ ಉಗಿ ಪಿಸ್ಟನ್ ತಳ್ಳುವುದಿಲ್ಲ. ಅದನ್ನು ಮಾಡಲು ಸುಟ್ಟ ಕಲ್ಲಿದ್ದಲು ದಂಡ.

ಇದಕ್ಕೆ ಜರ್ಮನಿಯ ವಿಲ್‌ಹೆಲ್ಮ್ ಶ್ಮಿಟ್ ಒಂದು ಉಪಾಯ ಮಾಡಿದ್ದರು. ಬಾಯ್ಲರಿನಿಂದ ಹೊರಟ ಉಗಿಯನ್ನು ಸೀದಾ ಸಿಲಿಂಡರಿಗೆ ಬಿಡಬಾರದು. ಬೆಂಕಿಯ ಬಿಸಿ ಗಾಳಿ ಹಾಯುವ ದಪ್ಪ ಕೊಳವೆಗಳ ಒಳಗೆ ಸಣ್ಣ ಕೊಳವೆಗಳನ್ನಿಟ್ಟು, ಉಗಿಯನ್ನು ಅದರಲ್ಲಿ ಹಾಯಿಸಿ ಮತ್ತೊಮ್ಮೆ ಕಾಯಿಸಬೇಕು. ಆಗ ಬಿಸಿ 300 ಡಿಗ್ರಿ ದಾಟುತ್ತದೆ. ಉಗಿ ಪೂರ್ತಿ ಒಣಗುತ್ತದೆ, ಹಿಗ್ಗುತ್ತದೆ. ತಣ್ಣಗಿನ ಗೋಡೆ ತಗುಲಿದರೂ ನೀರಾಗುವಷ್ಟು ಬಿಸಿ ಕಳೆದುಕೊಳ್ಳುವುದಿಲ್ಲ. ಅದೇ ಕಲ್ಲಿದ್ದಲಿಗೆ ಜಾಸ್ತಿ ಕೆಲಸ, ಎಂಜಿನ್ ಹಿಂದೆ ನೀರು, ಕಲ್ಲಿದ್ದಲು ಹೊರುವ ಟೆಂಡರ್ ಗಾಡಿಯ ಅದೇ ನೀರಿಗೆ ಜಾಸ್ತಿ ದೂರ. ಐರ್ಲೆಂಡಿನಲ್ಲಿ ಕಲ್ಲಿದ್ದಲು ಇಲ್ಲ ಎನ್ನುವಷ್ಟು ಕಮ್ಮಿ. ರೈಲಿಗೆ ಬೇಕಾದದ್ದೆಲ್ಲ ಬ್ರಿಟನ್ನಿನಿಂದ ಹಡಗಿನಲ್ಲಿ ಬರಬೇಕು. ಅಲ್ಲಿನ ಕಂಪನಿಗೆ ಈ ಉಳಿತಾಯದ ಬೆಲೆ ಎಷ್ಟಿರಬಹುದು ನೀವೇ ಯೋಚಿಸಿ.

ಒಂದು ತೊಡಕೂ ಇತ್ತು. ಹಳೇ ಎಂಜಿನ್‌ಗಳಲ್ಲಿ ಉಗಿಯನ್ನು ಒಳಬಿಡುವ ವಾಲ್ವ್ ಚಪ್ಪಟೆ. ಅದು ಜಾರಿ ಜಾರಿ ಕೆಲಸ ಮಾಡುತ್ತಿತ್ತು. ಒದ್ದೆ ಉಗಿಯಲ್ಲಿದ್ದ ತೇವವೇ ಅದಕ್ಕೆ ಅರ್ಧ ಎಣ್ಣೆಯಾಗಿತ್ತು. ಒಣಗಿದ ಬಿಸಿ ಉಗಿ ಬಂದರೆ ಅದು ಉಜ್ಜಿ ಹಾಳಾಗುತ್ತದೆ. ಅದಕ್ಕೇ ಸೂಪರ್‌ಹೀಟರ್ ಜೊತೆಗೆ ಗುಂಡನೆಯ ಪಿಸ್ಟನ್ ವಾಲ್ವ್ ಬೇಕು, ಹೆಚ್ಚಿನ ಬಿಸಿ ತಡೆಯುವ ಎಣ್ಣೆ ಬೇಕು, ಎಣ್ಣೆಯನ್ನು ಬಿಡದೆ ಹನಿಸುವ ವ್ಯವಸ್ಥೆ ಬೇಕು. ಎಸ್ ವರ್ಗ ಹುಟ್ಟುವಾಗಲೇ ಸೂಪರ್‌ಹೀಟರ್ ಮತ್ತು ಪಿಸ್ಟನ್ ವಾಲ್ವ್ ಇಟ್ಟುಕೊಂಡು ಬಂದಿತು. ಗ್ಲೋವರ್ ಆಮೇಲೆ ಕ್ಲಿಫರ್ಡ್ ಕಾಲದ ಎಂಜಿನ್‌ಗಳಿಗೂ ಸೂಪರ್‌ಹೀಟರ್ ಹಾಕಿಸಿದರು.

ಇನ್ನು ಆ ದೊಡ್ಡ ಚಕ್ರ. ಅಡ್ಡಳತೆ 6 ಅಡಿ 7 ಇಂಚು, ಅಂದರೆ ಎರಡು ಮೀಟರ್. ಒಂದು ಸುತ್ತಿಗೆ 6.3 ಮೀಟರ್ ಮುಂದೆ ಹೋಗುತ್ತದೆ. ಗಂಟೆಗೆ 60 ಮೈಲಿ ವೇಗದಲ್ಲಿ ಚಕ್ರ ಸೆಕೆಂಡಿಗೆ ನಾಲ್ಕು ಸುತ್ತು ದಾಟುತ್ತದೆ. ಎರಡು ಸಿಲಿಂಡರ್, ಪ್ರತಿ ಸುತ್ತಿಗೆ ನಾಲ್ಕು ಬಾರಿ ಉಗಿ ಹೊರಬರುತ್ತದೆ. ಅಂದರೆ ಚಿಮಣಿಯಲ್ಲಿ ಸೆಕೆಂಡಿಗೆ ಸುಮಾರು 17 ಹೊಡೆತ. ಕಿವಿಗೆ ಬಿಡಿಬಿಡಿಯಾಗಿ ಕೇಳುವುದೇ ಇಲ್ಲ, ಒಂದೇ ಮೊರೆತ. ಐದು ಅಡಿ ಚಕ್ರ ಇದ್ದಿದ್ದರೆ ಅದೇ ವೇಗಕ್ಕೆ ಐದೂವರೆ ಸುತ್ತಿಗಿಂತ ಜಾಸ್ತಿ ಬೇಕಾಗುತ್ತಿತ್ತು. ಪಿಸ್ಟನ್, ರಾಡು, ಬೇರಿಂಗ್ ಎಲ್ಲಕ್ಕೂ ಅಷ್ಟೇ ಸವೆತ.

ಸಿಲಿಂಡರ್‌ಗಳು 19 ಇಂಚು ಅಗಲ, ಪಿಸ್ಟನ್ ಓಡುವ ಉದ್ದ 26 ಇಂಚು. ಇವೆರಡೂ ಇರುವುದು ಹೊರಗಲ್ಲ, ಚಾಸಿಯ ಒಳಗೆ. ಅದಕ್ಕೇ ಫೋಟೋದಲ್ಲಿ ಎಂಜಿನ್ ಅಷ್ಟು ನುಣುಪಾಗಿ, ಅಚ್ಚುಕಟ್ಟಾಗಿ ಕಾಣುವುದು. ಇಲ್ಲಿ ಐರ್ಲೆಂಡಿನ ಹಳಿಯ ಅಗಲ ನೆರವಿಗೆ ಬಂತು. ಅಲ್ಲಿನ ಹಳಿ 1600 ಮಿ.ಮೀ. ಇಂಗ್ಲೆಂಡಿನದ್ದು 1435. ನಮ್ಮ ಬ್ರಾಡ್‌ಗೇಜ್ 1676. ಇಂಗ್ಲೆಂಡಿಗಿಂತ 165 ಮಿ.ಮೀ. ಜಾಸ್ತಿ ಜಾಗ ಇದ್ದದ್ದರಿಂದ ಎರಡು ದಪ್ಪ ಸಿಲಿಂಡರನ್ನು ಒಳಗೆ ಕೂರಿಸಲು ಸಲೀಸು. ಬೆಂಕಿ ಗೂಡನ್ನೂ ಅಷ್ಟು ಅಗಲ ಮಾಡಬಹುದು.

ಬೆಂಕಿ ಗೂಡಿನ ಮಾತು ಬಂದಾಗ 4-4-0 ಮಾದರಿಯ ಒಂದು ನಿಜವಾದ ಲಾಭ ಹೇಳಲೇಬೇಕು. ಇದರಲ್ಲಿ ಎರಡು ದೊಡ್ಡ ಅಚ್ಚುಗಳ ನಡುವಿನ ಜಾಗದಲ್ಲಿ ಬೆಂಕಿ ಗೂಡನ್ನು ಆಳವಾಗಿ ಇಳಿಬಿಡಬಹುದು. ಆಳವಾದ ಗೂಡಿನಲ್ಲಿ ದಪ್ಪ ಬೆಂಕಿ ಹಾಕಬಹುದು. ಫೈರ್‌ಮನ್ ಒಂದು ಸಲಿಕೆ ಹೆಚ್ಚುಕಮ್ಮಿ ಎಸೆದರೂ ಉಗಿ ಬೀಳುವುದಿಲ್ಲ. 4-6-0ದಲ್ಲಿ ಮೂರನೇ ಅಚ್ಚು ಗೂಡಿನ ಕೆಳಗೇ ಬರುತ್ತದೆ. ಗೂಡು ಅದರ ಮೇಲೆ ಹಾದುಹೋಗಬೇಕಾದ್ದರಿಂದ ಉದ್ದ, ಆದರೆ ತೆಳು. ಅದರಲ್ಲಿ ಬೆಂಕಿಯನ್ನು ಸಮನಾಗಿ ಹರಡಿ ಇಟ್ಟುಕೊಳ್ಳುವುದಕ್ಕೆ ಬಹಳ ಕೈಪಳಗಿರಬೇಕು.

ದೊಡ್ಡದು ಮಾಡಿದರೆ ಏನಾಗುತ್ತಿತ್ತು ಅನ್ನುವುದಕ್ಕೆ ಐರ್ಲೆಂಡಿನಲ್ಲೇ ಉದಾಹರಣೆ ಇದೆ. ಡಬ್ಲಿನ್–ಕಾರ್ಕ್ ಮಾರ್ಗದ ಗ್ರೇಟ್ ಸದರ್ನ್ ಅಂಡ್ ವೆಸ್ಟರ್ನ್ ಕಂಪನಿ 1916ರಲ್ಲಿ ‘400’ ವರ್ಗ ಶುರು ಮಾಡಿತು. 4-6-0, ನಾಲ್ಕು ಸಿಲಿಂಡರ್, ನೋಡಲು ಭರ್ಜರಿ. ಒಟ್ಟು ಹತ್ತು ಕಟ್ಟಿದರು. ಕಲ್ಲಿದ್ದಲು ತಿಂದವು, ರಿಪೇರಿ ಕೇಳಿದವು. ಮೂರನ್ನು 1930ರ ಹೊತ್ತಿಗೇ ಗುಜರಿಗೆ ಹಾಕಿದರು, ಉಳಿದವನ್ನು ಎರಡು ಸಿಲಿಂಡರಿಗೆ ಇಳಿಸಿದರು. ಅದೇ ಹೊತ್ತಿಗೆ ಎಸ್ ವರ್ಗದ ಎಂಟೂ ದಿನನಿತ್ಯದ ಕೆಲಸದಲ್ಲಿದ್ದವು.

ಎಸ್ ವರ್ಗಕ್ಕೆ ಕೊರತೆ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಎಳೆಯುವ ಚಕ್ರ ನಾಲ್ಕೇ ಆದ್ದರಿಂದ ಹಳಿಯನ್ನು ಕಚ್ಚಿ ಹಿಡಿಯುವ ತೂಕ ಕಮ್ಮಿ. ಡಂಡಾಕ್ ದಾಟಿದ ಮೇಲೆ ಅಡವೊಯ್ಲ್ ಕಡೆಗೆ ದೊಡ್ಡ ಏರು, ನೂರು ಅಡಿಗೆ ಒಂದಡಿಯಂತೆ ಮೈಲಿಗಟ್ಟಲೆ. ಐರ್ಲೆಂಡಿನ ಜಿಟಿಜಿಟಿ ಮಳೆಯಲ್ಲಿ, ತುಂಬಿದ ಗಾಡಿ ಹಿಂದೆ ಇಟ್ಟುಕೊಂಡು ಅದನ್ನು ಹತ್ತುವಾಗ ಎರಡು ಮೀಟರ್ ಚಕ್ರ ಜಾರುತ್ತದೆ. ಡ್ರೈವರ್ ಹಳಿಗೆ ಮರಳು ಬಿಟ್ಟು, ಉಗಿಯನ್ನು ಹದವಾಗಿ ಕೊಟ್ಟು ಹತ್ತಿಸಬೇಕು. ಒಳಗಿನ ಸಿಲಿಂಡರುಗಳಿಗೆ ಎಣ್ಣೆ ಹಾಕುವುದೂ ಸುಲಭವಲ್ಲ. ಇಕ್ಕಟ್ಟಿನಲ್ಲಿ ನುಸುಳಬೇಕು.

1921ರಲ್ಲಿ ದೇಶ ಎರಡಾಯಿತು. ಗಡಿ ಸರಿಯಾಗಿ ಡಂಡಾಕಿನ ಉತ್ತರಕ್ಕೆ, ಆ ಏರಿನ ಮೇಲೆಯೇ ಬಂತು. ಕಂಪನಿ ಒಂದೇ, ದೇಶ ಎರಡು. 1923ರ ಏಪ್ರಿಲ್‌ನಿಂದ ಕಸ್ಟಮ್ಸ್ ತಪಾಸಣೆ. ದಕ್ಷಿಣದಲ್ಲಿ ಡಂಡಾಕ್, ಉತ್ತರದಲ್ಲಿ ಗೊರಾವುಡ್, ಎರಡೂ ಕಡೆ ಗಾಡಿ ನಿಲ್ಲಬೇಕು. ಎಂಜಿನ್ ಎಷ್ಟು ಚುರುಕಾಗಿದ್ದರೂ ಪ್ರಯಾಣಿಕರ ಪೆಟ್ಟಿಗೆ ಬಿಚ್ಚಿ ನೋಡುವವರೆಗೆ ಕಾಯಬೇಕಾದರೆ ಅದರಿಂದ ಏನು ಬಂತು? ಇದಕ್ಕೆ ಪರಿಹಾರ ಸಿಕ್ಕಿದ್ದು 1947ರ ಆಗಸ್ಟ್ 11ರಂದು. ‘ಎಂಟರ್‌ಪ್ರೈಸ್’ ಎಂಬ ಹೊಸ ರೈಲು ಶುರುವಾಯಿತು. ತಪಾಸಣೆಯನ್ನು ಎರಡು ತುದಿಯ ನಿಲ್ದಾಣಗಳಲ್ಲೇ ಮುಗಿಸಿ, ನಡುವೆ ಎಲ್ಲೂ ನಿಲ್ಲದೆ, ಎರಡು ಗಂಟೆ ಹದಿನೈದು ನಿಮಿಷದಲ್ಲಿ ಗಾಡಿ ತಲುಪಿಸಿದರು.

ಆ ಹೊತ್ತಿಗೆ ಮುಖ್ಯ ಎಕ್ಸ್‌ಪ್ರೆಸ್‌ಗಳ ಭಾರ ‘ವಿ’ ವರ್ಗದ ಹೆಗಲಿಗೆ ಬಿದ್ದಿತ್ತು. 1932ರಲ್ಲಿ ಬೋಯ್ನ್ ಸೇತುವೆಯ ಹಳೇ ಗರ್ಡರುಗಳ ಒಳಗೇ ಹೊಸ ಉಕ್ಕಿನ ಗರ್ಡರ್ ಕಟ್ಟಿ ಅದನ್ನು ಗಟ್ಟಿ ಮಾಡಿದರು. ತೂಕದ ಮಿತಿ ಸಡಿಲವಾದ ಅದೇ ವರ್ಷ ಗ್ಲೋವರ್ ಅವರ ಐದು ಹೊಸ ಎಂಜಿನ್ ಬಂದವು: ಈಗಲ್, ಫಾಲ್ಕನ್, ಮರ್ಲಿನ್, ಪೆರೆಗ್ರಿನ್, ಕೆಸ್ಟ್ರೆಲ್. ಮೂರು ಸಿಲಿಂಡರ್. ಒಂದರಲ್ಲಿ ಬಳಸಿದ ಉಗಿಯನ್ನೇ ಉಳಿದೆರಡರಲ್ಲಿ ಮತ್ತೆ ದುಡಿಸುವ ಕಾಂಪೌಂಡ್ ಪದ್ಧತಿ. ಸೇತುವೆಯ ಅಡ್ಡಿ ಹೋದರೂ ಅವೂ 4-4-0 ಆಗಿದ್ದವು. ಶೆಡ್ಡು ಅಷ್ಟೇ ಉದ್ದ ಇತ್ತಲ್ಲ! 1948ರಲ್ಲಿ ಕೊಂಡ ‘ವಿಎಸ್’ ವರ್ಗವೂ ಹಾಗೇ.

ಈಗ ನಿಮ್ಮ ಕೊನೆಯ ಪ್ರಶ್ನೆ, 171 ನಿಜವಾಗಿ 1913ರದ್ದೇನಾ ಅನ್ನುವುದು. 1938–39ರಲ್ಲಿ ಎಸ್ ವರ್ಗದ ಎಂಟನ್ನೂ ಡಂಡಾಕಿನಲ್ಲಿ ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿದರು. ಅಡಿಯ ಚೌಕಟ್ಟನ್ನೂ ಹೊಸದು ಹಾಕಿದರು. ಎಸ್2 ಎಂಬ ಪ್ರತ್ಯೇಕ ಹೆಸರು ಹೋಗಿ ಎಲ್ಲವೂ ಎಸ್ ಆದವು. ನಡುವೆ ತೆಗೆದುಹಾಕಿದ್ದ ಬೆಟ್ಟದ ಹೆಸರುಗಳು ಮರಳಿ ಬಂದವು. ಕಪ್ಪು ಬಣ್ಣ ಹೋಗಿ, ವಿ ವರ್ಗಕ್ಕೆ ಆಗಲೇ ಬಳಿದಿದ್ದ ಆಕಾಶ ನೀಲಿ ಬಂತು, ಕೆಳಗಿನ ಚೌಕಟ್ಟಿಗೆ ಕಡುಗೆಂಪು. ನೀವು ಮೆಚ್ಚಿದ ಆ ನೀಲಿ 1913ರದ್ದಲ್ಲ, ಈ ಮರುಹುಟ್ಟಿನದ್ದು. ನನ್ನನ್ನು ಕೇಳಿದರೆ ಇದು 1913ರ ವಿನ್ಯಾಸ, 1938ರ ಮೈ. ರೈಲ್ವೆಯವರ ಲೆಕ್ಕದಲ್ಲಿ ನಂಬರ್ ಮುಂದುವರಿದರೆ ಎಂಜಿನ್ನೂ ಮುಂದುವರಿದ ಹಾಗೆ. ಬಾಯ್ಲರ್, ಚಕ್ರ, ಚೌಕಟ್ಟು ಎಲ್ಲ ಕಾಲಕಾಲಕ್ಕೆ ಬದಲಾಗುವುದು ಉಗಿ ಎಂಜಿನ್ನಿನ ಬದುಕಿನಲ್ಲಿ ಸಹಜ. ಹಾಗಾಗಿ ‘1913’ ಎಂದು ಬರೆದವರು ತಪ್ಪು ಹೇಳಿಲ್ಲ.

1953ರಲ್ಲಿ ಎರಡೂ ಸರ್ಕಾರ ಸೇರಿ ಕಂಪನಿಯನ್ನು ವಹಿಸಿಕೊಂಡವು. 1958ರಲ್ಲಿ ಎಂಜಿನ್‌ಗಳನ್ನು ವರ್ಗ ವರ್ಗವಾಗಿ ಸರಿಸಮ ಹಂಚಿಕೊಂಡವು. ಆಮೇಲೆ ಡಂಡಾಕ್ ವರ್ಕ್‌ಶಾಪಿನಲ್ಲಿ ಹೈಂಕೆಲ್ ಎಂಬ ಪುಟ್ಟ ಗುಳ್ಳೆ ಕಾರುಗಳೂ ತಯಾರಾದವು! ದಕ್ಷಿಣದಲ್ಲಿ ಉಗಿ ಎಂಜಿನ್ ನಿಂತದ್ದು 1963ರಲ್ಲಿ. ಆಗ ದಕ್ಷಿಣದ ಪಾಲಿಗೆ ಹೋಗಿದ್ದ 171 ಮತ್ತು ಇನ್ನು ಕೆಲವನ್ನು ಉತ್ತರದ ಅಲ್‌ಸ್ಟರ್ ಟ್ರಾನ್ಸ್‌ಪೋರ್ಟ್ ಅಥಾರಿಟಿ ಕೊಂಡಿತು. ಅದರಿಂದಲೇ 171 ಉಳಿಯಿತು. 1964ರಲ್ಲಿ ಹುಟ್ಟಿದ ರೈಲ್ವೆ ಪ್ರಿಸರ್ವೇಶನ್ ಸೊಸೈಟಿ ಆಫ್ ಐರ್ಲೆಂಡ್ ಅದನ್ನು ಕಾಪಾಡಿ, ದಶಕಗಳ ಕಾಲ ವಿಶೇಷ ರೈಲುಗಳಿಗೆ ಓಡಿಸಿತು. 2002ರಲ್ಲಿ ಅದನ್ನು ಸೇವೆಯಿಂದ ಇಳಿಸಿ ದೊಡ್ಡ ರಿಪೇರಿಗೆ ತೆಗೆದುಕೊಂಡರು. ಉಳಿದ ಏಳು ಎಸ್‌ಗಳು ಗುಜರಿಗೆ ಹೋದವು.

ಬೆಲ್‌ಫಾಸ್ಟ್ ಕಡೆ ಹೋಗುವ ಅವಕಾಶ ಸಿಕ್ಕರೆ ಎರಡು ಕಡೆ ಹೋಗಿ. ಲಾರ್ನ್ ಮಾರ್ಗದ ವೈಟ್‌ಹೆಡ್‌ನಲ್ಲಿ ಈ ಸೊಸೈಟಿಯ ಮ್ಯೂಸಿಯಂ ಇದೆ, 2017ರಲ್ಲಿ ತೆರೆದದ್ದು. ಬ್ಯಾಂಗರ್ ಮಾರ್ಗದ ಕಲ್ಟ್ರಾದಲ್ಲಿ ಸರ್ಕಾರಿ ಸಾರಿಗೆ ಮ್ಯೂಸಿಯಂ. ಅಲ್ಲಿ ‘800’ ವರ್ಗದ ‘ಮೇವ್’ ನಿಂತಿದೆ. 1939ರ 4-6-0, ಮೂರು ಸಿಲಿಂಡರ್, ಐರ್ಲೆಂಡಿನ ಅತಿ ದೊಡ್ಡ ಎಕ್ಸ್‌ಪ್ರೆಸ್ ಎಂಜಿನ್. ಆ ವರ್ಗದಲ್ಲಿ ಕಟ್ಟಿದ್ದು ಮೂರೇ, ಅವುಗಳ ಭಾರಕ್ಕೆ ಒಗ್ಗಿದ್ದು ಡಬ್ಲಿನ್–ಕಾರ್ಕ್ ಮಾರ್ಗ ಒಂದೇ. ನೀವು ಕೇಳಿದ ‘ಆರು ದೊಡ್ಡ ಚಕ್ರ’ ಹತ್ತಿರದಿಂದ ಹೇಗಿರುತ್ತದೆ ಎಂದು ಅಲ್ಲಿ ನೋಡಿ, ಆಮೇಲೆ ವೈಟ್‌ಹೆಡ್‌ಗೆ ಹೋಗಿ. ತೆರೆದಿರುವ ದಿನಗಳನ್ನು ಮೊದಲೇ ವಿಚಾರಿಸಿಕೊಳ್ಳಿ.